ಬರೀ ಊತ

"ಕಣ್ಣಿಗೆ ಯಾವತ್ತಾದ್ರೂ ಲೋಹದ ಚೂರು ಬಿದ್ದಿತ್ತಾ?"

ಎಂಆರ್‌ಐ ಸ್ಕ್ಯಾನ್ ತೆಗೆಯುವುದು ಅವಳ ಕೆಲಸ. ಕೋಣೆಯ ಬಾಗಿಲಲ್ಲಿ ನಿಂತು ಅವಳು ಬಂದವರಿಗೆಲ್ಲ ಕೇಳುತ್ತಿದ್ದ ಪ್ರಶ್ನೆ ಅದು. ಅವತ್ತು ಬಂದಿದ್ದ ಗಡಿಯಾರ ರಿಪೇರಿ ಮಾಡುವವನ ಎಡಗಣ್ಣು ಊದಿಕೊಂಡು ಮುಂದಕ್ಕೆ ಬಂದಿತ್ತು. ಬಲಗಣ್ಣಲ್ಲಿ ಅವಳನ್ನೇ ನೋಡಿದ.

"ಇಷ್ಟು ವರ್ಷದಲ್ಲಿ ಕಣ್ಣಿಗೆ ಬಿದ್ದಿದ್ದು ನೀವೊಬ್ಬರೇ."

"ತಮಾಷೆ ಸಾಕು. ಚೂರಿದ್ರೆ ಒಳಗಿನ ಅಯಸ್ಕಾಂತ ಎಳೆಯುತ್ತೆ. ಮೊದಲು ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ," ಎಂದಳು ಗಂಟುಮುಖ ಹಾಕಿಕೊಂಡು. ಅವನು ಅತ್ತ ತಿರುಗಿದ ಮೇಲೆ ನಕ್ಕಳು.

ಸ್ಕ್ಯಾನ್ ಮುಗಿದ ಮೇಲೆ ವಿಭಾಗದ ಹಿರಿಯ ಡಾಕ್ಟರು ಅವಳನ್ನು ಕರೆದು ತೆರೆಯ ಮೇಲೆ ಬೆರಳಿಟ್ಟರು. "ಕಣ್ಣುಗುಡ್ಡೆಯ ಹಿಂದೆ ಈ ಜಾಗ ನೋಡಮ್ಮಾ. ಬರೀ ಉರಿಯೂತ ಆಗಿದ್ರೆ ಈ ಚಿತ್ರದಲ್ಲಿ ಇಷ್ಟು ಕಪ್ಪಾಗಿ ಕಾಣೋದು ಅಪರೂಪ. ಸ್ಟೀರಾಯ್ಡ್ ಮಾತ್ರೆಗೆ ಊತ ಇಳಿದ್ರೂ ನಂಬೋ ಹಾಗಿಲ್ಲ, ಕೆಲವು ಗೆಡ್ಡೆಗಳೂ ಇಳೀತವೆ. ಆರು ವಾರಕ್ಕೆ ಮತ್ತೆ ಸ್ಕ್ಯಾನ್, ಆಮೇಲೆ ಚೂರು ತೆಗೆದು ಬಯಾಪ್ಸಿ. ಗೆಡ್ಡೆ ಅಂತ ಈಗಲೇ ಹೆದರಿಸೋದು ಬೇಡ, ಮತ್ತೆ ಸ್ಕ್ಯಾನಿಗೆ ಬಾ ಅಂತಷ್ಟೇ ಅವನಿಗೆ ಹೇಳಿದೀನಿ."

ಹತ್ತು ದಿನದ ಮಾತ್ರೆಗೆ ಊತ ಇಳಿಯಿತು. ಅದನ್ನು ತೋರಿಸುವ ನೆಪದಲ್ಲಿ ಅವನು ಆಸ್ಪತ್ರೆಯ ಕ್ಯಾಂಟೀನಿಗೆ ಬಂದ. ಮರುದಿನ ನೆಪವೇ ಇಲ್ಲದೆ ಬಂದ. ಕಾಫಿ ಆರಿಹೋಗುವವರೆಗೆ ಮಾತಾಡುತ್ತಿದ್ದರು. ಅವಳು ಕೂದಲು ಕಿವಿಯ ಹಿಂದೆ ಸರಿಸಿದರೆ ಅವನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

"ಏನು ನೋಡ್ತಿದೀಯ?"

"ಎರಡೂ ಕಣ್ಣು ಒಂದೇ ಥರ ಕಾಣಿಸುತ್ತಾ ಅಂತ ಪರೀಕ್ಷೆ ಮಾಡ್ತಿದೀನಿ."

ಐದನೇ ವಾರದಲ್ಲಿ ಅವನು ಕೇಳಿದ. "ಮುಂದಿನ ವಾರ ಅಕ್ಕ ನಿನ್ನ ನೋಡೋಕೆ ಬರ್ತಾಳೆ. ಅವಳಿಗೆ ಆಸ್ಪತ್ರೆ, ಕಾಯಿಲೆ ಅಂದ್ರೆ ಜೀವ ಬಾಯಿಗೆ ಬರುತ್ತೆ. ಡಾಕ್ಟರು ಹೇಳಿದ ಇನ್ನೊಂದು ಸ್ಕ್ಯಾನ್ ಬೇಕೇ ಬೇಕಾ? ನೀನೇ ಹೇಳು."

ಆ ಕಪ್ಪು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಎದುರಿಗೆ ಅವನ ಮುಖ, ಅದರ ತುಂಬ ಮದುವೆಯ ಸಂಭ್ರಮ.

"ಬರೀ ಊತ ಕಣೋ. ಇಳಿದಿದೆಯಲ್ಲ, ಸದ್ಯಕ್ಕೆ ಬೇಡ ಬಿಡು."

ಅಕ್ಕ ಬಂದು ಹೋದ ಮೇಲೆ ಹೇಳೋಣ ಅಂದುಕೊಂಡಳು. ಅಕ್ಕ ಬಂದು, ಮೆಚ್ಚಿ, ದಿನ ಗೊತ್ತುಮಾಡಿ ಹೋದಳು. ಇವಳು ಹೇಳಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅವನಿಗೆ ಗಡಿಯಾರದ ಸಣ್ಣ ಮುಳ್ಳು ಎರಡಾಗಿ ಕಂಡಿತು. ವಾರದೊಳಗೆ ಎಡಗಣ್ಣಿಗೆ ಏನೂ ಕಾಣದಾಯಿತು.

ಈಗ ಬಯಾಪ್ಸಿ ಮಾಡಿದಾಗ ಅನುಮಾನ ಉಳಿಯಲಿಲ್ಲ. ಗೆಡ್ಡೆ ಬೆಳೆದು ದೃಷ್ಟಿಯ ನರವನ್ನು ಹಿಸುಕಿತ್ತು. ಜೀವಕ್ಕೆ ಅಪಾಯವಿಲ್ಲ, ಚಿಕಿತ್ಸೆಗೆ ಕರಗುತ್ತದೆ, ಹೋದ ದೃಷ್ಟಿ ಮಾತ್ರ ಬರುವುದಿಲ್ಲ ಎಂದರು ಡಾಕ್ಟರು.

ಕಾರಿಡಾರಿನ ಬೆಂಚಿನ ಮೇಲೆ ಅವನೇ ಅವಳಿಗೆ ಸಮಾಧಾನ ಹೇಳಿದ.

"ಅಳಬೇಡ. ಒಕ್ಕಣ್ಣನ್ನ ಕಟ್ಕೊಳ್ಳೋಕೆ ನಿನಗೆ ಒಪ್ಪಿಗೆ ಇದ್ರೆ ಮದುವೆ ನಿಲ್ಲೋದು ಬೇಡ. ನೀನಾದ್ರೂ ಏನು ಮಾಡ್ತಿದ್ದೆ? ಯಾರಿಗೆ ಗೊತ್ತಿತ್ತು?"

ಹೂಂಗುಟ್ಟಿದ್ದರೆ ಅವನು ಅವಳವನಾಗುತ್ತಿದ್ದ. ಅವಳು ಕಣ್ಣು ಒರೆಸಿಕೊಂಡಳು.

"ನನಗೆ ಗೊತ್ತಿತ್ತು."

"ಏನು?"

"ಗೆಡ್ಡೆ ಇರಬಹುದು ಅಂತ. ಡಾಕ್ಟರು ಅವತ್ತೇ ತೋರಿಸಿದ್ರು. ನಿನ್ನ ಖುಷಿ ಕೆಡಿಸೋಕೆ ಮನಸ್ಸಾಗ್ಲಿಲ್ಲ. ಅದಕ್ಕಿಂತ, ನೀನು ಎಲ್ಲಿ ಕೈ ತಪ್ಪಿ ಹೋಗ್ತೀಯೋ ಅಂತ ಭಯ."

ಅವನು ಎದುರಿನ ಗೋಡೆ ನೋಡಿದ. ಅವಳು ಕೂತಿದ್ದದ್ದು ಅವನ ಎಡಕ್ಕೆ. ಅವಳನ್ನು ನೋಡಬೇಕೆಂದರೆ ಪೂರ್ತಿ ತಿರುಗಬೇಕಿತ್ತು. ತಿರುಗಲಿಲ್ಲ.

"ಡಾಕ್ಟರ ಮಾತಿಗಿಂತ ನಿನ್ನ ಮಾತು ದೊಡ್ಡದು ಅಂದ್ಕೊಂಡಿದ್ದೆ," ಎಂದ.

ಎದ್ದ. ಬಾಗಿಲ ಚೌಕಟ್ಟಿಗೆ ಎಡಭುಜ ತಗುಲಿತು. ಅವಳು ಕೈ ಚಾಚಿದಳು.

"ಬಿಡಿ, ನಾನೇ ಹೋಗ್ತೀನಿ."

ಮುಂದಿನ ಚಿಕಿತ್ಸೆಗೆ ಅವನು ಅಕ್ಕನ ಊರಿಗೆ ಹೋದ. ತಿಂಗಳು ಕಳೆದ ಮೇಲೆ ಸ್ಕ್ಯಾನಿನ ಪ್ರತಿ ಒಯ್ಯಲು ಅಕ್ಕ ಒಬ್ಬಳೇ ಬಂದಳು. ಅವಳು ಲಕೋಟೆ ಕೊಡುತ್ತ ಮೆಲ್ಲಗೆ ಕೇಳಿದಳು, "ಹೇಗಿದಾರೆ ಅಕ್ಕಾ?"

"ಗುಣ ಆಗ್ತಿದಾನೆ."

"ನನ್ನ ಮೇಲೆ ತುಂಬ ಸಿಟ್ಟಾ?"

ಅಕ್ಕ ಲಕೋಟೆಯನ್ನು ಚೀಲಕ್ಕೆ ಸೇರಿಸಿದಳು. "ಸಿಟ್ಟಿದ್ದಿದ್ರೆ ಬೈತಿದ್ದ ಕಣಮ್ಮಾ. ಅವನು ನಿನ್ನ ಮಾತೇ ಎತ್ತಲ್ಲ."