ಬಲಗಡೆಯ ಮುಂಚಕ್ರ

ಕಾಯ್ ಹ್ಯಾಟ್ಲಿಯ ಹಳದಿ ಕಾರು ತಿರುವಿನಲ್ಲಿ ತಿರುಗಲಿಲ್ಲ. ನೇರ ಗೋಡೆಗೆ ಹೋಯಿತು. ಕೆಂಪು ಧೂಳು ಇಳಿದಾಗ ಕಾಯ್‌ನಲ್ಲಿ ಉಸಿರಿರಲಿಲ್ಲ.

ಜಾರ್ಜಿಯಾದ ಆ ಮಣ್ಣಿನ ಟ್ರ್ಯಾಕಿಗೆ ಅಪಘಾತ ಹೊಸದಲ್ಲ. ಆದರೂ ಡೆಪ್ಯುಟಿ ಷೆರಿಫ್ ವಿಲ್ಮಾ ಪ್ರುಯಿಟ್ ಕಾರಿನಡಿ ಟಾರ್ಚು ಬಿಟ್ಟಳು. ಅವಳಪ್ಪ ಇಲ್ಲೇ ರೇಸು ಓಡಿಸಿದವನು. ಎಲ್ಲಿ ನೋಡಬೇಕೆಂದು ಅವಳಿಗೆ ಗೊತ್ತಿತ್ತು.

ಬಲಗಡೆಯ ಮುಂಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು ತುಂಡಾಗಿತ್ತು. ಅರ್ಧ ಒರಟಾಗಿ ಹರಿದಿತ್ತು. ಇನ್ನರ್ಧ ನುಣುಪು. ಗರಗಸದ ಗುರುತು. ಮೇಲೆ ನೀಲಿ ಗ್ರೀಸ್ ಮೆತ್ತಿ ಮುಚ್ಚಿದ್ದರು.

ಅವಳು ಟಾರ್ಚು ಆರಿಸಿದಳು. ಕಾರಿನ ಮೇಲೆ ಟಾರ್ಪಾಲು ಎಳೆದಳು. ಯಾರಿಗೂ ಏನೂ ಹೇಳಲಿಲ್ಲ.

*

ಎಲ್ಲರ ಬೆರಳೂ ಒಬ್ಬನತ್ತಲೇ ತಿರುಗಿತು. ಡೆನ್ವರ್ ಶಿಪ್, ನೇರ ದಾರಿಯ ಡ್ರ್ಯಾಗ್ ರೇಸಿನವನು. ಬೆಳಿಗ್ಗೆ ಅವನು ಕಾಯ್‌ನ ಬಾನೆಟ್ಟಿನೊಳಗೆ ತಲೆ ಹಾಕಿದ್ದನ್ನು ಕಂಡವರಿದ್ದರು.

"ಕಾಯ್‌ನ ತುಂಬಾ ಕೆಣಕ್ತಿದ್ದೆಯಂತೆ?" ವಿಲ್ಮಾ ಕೇಳಿದಳು.

"ಕೆಣಕಿದ್ದೆ ಮೇಡಂ. ಗಾಣದೆತ್ತು ಅಂದಿದ್ದೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬರ್ತೀಯಲ್ಲೋ, ನಮ್ಮಲ್ಲಿ ನೋಡು, ಎರಡೇ ಗಾಡಿ, ನೆಟ್ಟಗಿನ ದಾರಿ, ಕಣ್ಣು ಮಿಟುಕಿಸೋದ್ರೊಳಗೆ ತೀರ್ಮಾನ ಅಂದೆ. ಅವ್ನು ಸುಮ್ನಿರ್ತಾನಾ? ನಿಂದು ರೇಸಲ್ಲ ಕಣೋ, ಒಂದ್ಸಲ ಸೀನೋದ್ರೊಳಗೆ ಮುಗ್ದೋಗತ್ತೆ ಅಂದ."

"ಬಾನೆಟ್ಟಲ್ಲಿ ಏನು ಹುಡುಕ್ತಿದ್ದೆ?"

ಡೆನ್ವರ್‌ನ ದನಿ ಇಳಿಯಿತು. "ಎಂಜಿನ್ ನೋಡ್ತಿದ್ದೆ. ಇದೇ ಕೊನೇ ರೇಸು, ಆಮೇಲೆ ಎಂಜಿನ್ ಬಿಚ್ಚಿ ನಿನ್ ಜೊತೆ ಡ್ರ್ಯಾಗಿಗೆ ಬರ್ತೀನಿ ಅಂದಿದ್ದ. ಮೆಕ್ಯಾನಿಕ್ ಗಾರ್ಲಂಡ್‌ಗೆ ಹೇಳ್ಬೇಡ ಅಂತಾನೂ ಅಂದಿದ್ದ."

"ಆ ಕಾರು ಕೆಡಿಸ್ಬೇಕಾದ್ರೆ ಎಲ್ಲಿ ಕೈ ಹಾಕ್ತಿದ್ದೆ?"

"ಅಯ್ಯೋ, ನಾನ್ಯಾಕೆ..." ಅವನು ತಡವರಿಸಿದ. "ಹಿಂದಿನ ಆಕ್ಸಲ್ಲಿಗೆ. ಶಕ್ತಿಯೆಲ್ಲ ಬೀಳೋದು ಅಲ್ಲೇ ತಾನೆ? ಹೊರಡೋವಾಗ ನಮ್ಮ ಡ್ರ್ಯಾಗ್ ಗಾಡಿ ಮೂತಿ ಎತ್ತತ್ತೆ, ಮುಂಚಕ್ರ ನೆಲಾನೇ ಮುಟ್ಟಲ್ಲ."

*

ಆ ಕಾರನ್ನು ಕಟ್ಟಿದ ಮೆಕ್ಯಾನಿಕ್ ಗಾರ್ಲಂಡ್ ಮೋಟ್ಸ್. ಕಾಯ್‌ಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನೂ ಅವನೇ. ತನ್ನ ಶೆಡ್ಡಿನ ಬೆಂಚಿನ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಬೇಯಿಸಿದ ಕಡಲೆಕಾಯಿ ತಣ್ಣಗಾಗಿತ್ತು.

"ಕಾಯ್ ಡ್ರ್ಯಾಗಿಗೆ ಹೋಗೋನಿದ್ದನಂತೆ ಅಂಕಲ್."

"ನನಗ್ ಗೊತ್ತಿಲ್ಲ ಮಗಳೇ. ಅದೂ ಒಂದು ರೇಸಾ? ಇಲ್ಲಿ ಭುಜಕ್ಕೆ ಭುಜ ಕೊಟ್ಟು ಓಡ್ಬೇಕು. ಈ ಸುತ್ತಲ್ಲಿ ಹಿಂದೆ ಬಿದ್ದವ್ನು ಮುಂದಿನ ಸುತ್ತಲ್ಲಿ ಮುನ್ನುಗ್ತಾನೆ. ನೋಡೋರಿಗೂ ಕೊನೇವರೆಗೂ ಉಸಿರು ಬಿಗಿಯತ್ತೆ. ಅಲ್ಲೇನಿದೆ, ಹೊಗೆ!"

ವಿಲ್ಮಾ ಅದೇ ಪ್ರಶ್ನೆ ಕೇಳಿದಳು. ಕೆಡಿಸಬೇಕಾದರೆ ಎಲ್ಲಿ?

ಗಾರ್ಲಂಡ್ ಅವಳ ಮುಖ ನೋಡಲಿಲ್ಲ. "ಹಿಂದಿನ ಆಕ್ಸಲ್ಲು."

"ನನ್ನ ಹತ್ರಾನೂ ಇದನ್ನ ಹೇಳ್ತೀರಾ?"

ಅವನು ಒಂದು ಕಡಲೆಕಾಯಿ ಎತ್ತಿಕೊಂಡು ಸುಲಿಯತೊಡಗಿದ.

"ಇಲ್ಲಿ ತಿರುಗೋದೆಲ್ಲ ಎಡಕ್ಕೇ. ಗಾಡಿಯ ಭಾರವೆಲ್ಲ ವಾಲೋದು ಬಲಗಡೆಯ ಮುಂಚಕ್ರದ ಮೇಲೆ. ಡೆನ್ವರ್‌ಗೆ ಅದು ಹೊಳೀಲಿಲ್ಲ, ಅದಕ್ಕೇ ಆಕ್ಸಲ್ ಅಂದ. ನಿಮಗೆ ಚೆನ್ನಾಗಿ ಗೊತ್ತು. ಆದ್ರೂ ಬಾಯಿಗೆ ಬರಲಿಲ್ಲ. ಯಾಕಂದ್ರೆ ಗರಗಸ ಆಡಿಸಿದ್ದು ಅಲ್ಲೇ. ಬೆಳಿಗ್ಗೆ ಎಲ್ಲರ ಕಣ್ಣೆದುರಿಗೆ ಕಾರಿನಡಿ ಮಲಗಿ ಡೆನ್ವರ್ ಅದನ್ನ ಕೊಯ್ಯೋಕಾಗಲ್ಲ. ನಿನ್ನೆ ಸಂಜೆ ಕಾರನ್ನ ಈ ಶೆಡ್ಡಲ್ಲಿಟ್ಟು ಬೀಗ ಹಾಕಿದ್ದು ನೀವೊಬ್ಬರೇ."

ಬೆಂಚಿನಡಿಯ ಪೆಟ್ಟಿಗೆ ಎಳೆದು ತೆರೆದಳು. ಗರಗಸದ ಹಲ್ಲುಗಳ ನಡುವೆ ನೀಲಿ ಗ್ರೀಸ್ ಕಚ್ಚಿಕೊಂಡಿತ್ತು.

"ಕಾಯ್, ಡೆನ್ವರ್ ಮಾತಾಡ್ಕೊಂಡಿದ್ದು ಕಿವಿಗೆ ಬಿತ್ತು," ಎಂದ ಗಾರ್ಲಂಡ್. "ಕಾರು ಹಾಳಾದ್ರೂ ಪರ್ವಾಗಿಲ್ಲ, ಆ ಎಂಜಿನ್ ಅಲ್ಲಿಗೆ ಹೋಗ್ಬಾರ್ದು ಅನ್ನಿಸ್ತು. ಮೆಲ್ಲಗೆ ಓಡಿಸೋ ಅಭ್ಯಾಸದ ಸುತ್ತಲ್ಲೇ ಮುರಿಯತ್ತೆ ಅಂದ್ಕೊಂಡಿದ್ದೆ. ಮುರೀಲಿಲ್ಲ."

"ಆಗಲಾದ್ರೂ ತಡೀಬಹುದಿತ್ತಲ್ಲ?"

"ಹೇಳಿದ್ರೆ ಸಿಕ್ಕಿಬೀಳ್ತಿದ್ದೆ. ಅಷ್ಟರಲ್ಲಿ ರೇಸು ಶುರು ಅಂತ ಹಸಿರು ಬಾವುಟ ಬೀಸಿದ್ರು."

ವಿಲ್ಮಾ ಕೈಕೋಳ ತೆಗೆದಳು. ಗಾರ್ಲಂಡ್ ಕೈ ಚಾಚಿದ.

"ಚಕ್ರ ಹೋದ್ಮೇಲೆ ಬ್ರೇಕ್ ತುಳಿದಿದ್ರೆ ಗಾಡಿ ಅಡ್ಡ ತಿರುಗ್ತಿತ್ತು. ಅವ್ನು ಬದುಕ್ತಿದ್ನೋ ಏನೋ. ಹಿಂದಿದ್ದವರೆಲ್ಲ ಬಂದು ಗುದ್ದಿ ಸಾಯ್ತಿದ್ರು. ತುಳೀಲಿಲ್ಲ ಅವ್ನು. ಅವರಿಗೆ ದಾರಿ ಬಿಟ್ಟು ತಾನೇ ಗೋಡೆಗೆ ಹೋದ." ಮುದುಕ ಚಾಚಿದ ತನ್ನ ಕೈಗಳನ್ನೇ ನೋಡಿದ. "ಹಂಗೇ ಮಾಡ್ಬೇಕು ಅಂತ ಕಲಿಸಿದ್ದು ನಾನೇ ಮಗಳೇ."