ಯಾಕಪ್ಪ ಹೇಳದೆ ಉಳಿಸಿಕೊಂಡ ಆಸೆ

"ಈ ಅಲಾರಂ ನಿಮಗೆ ಯಾಕೆ ಬೇಕು, ಸಿಸ್ಟರ್?"

ಅವಳ ಮೈಯೆಲ್ಲ ಉರಿದುಹೋಯಿತು! ಮಕ್ಕಳ ವಾರ್ಡಿನಲ್ಲಿ ಎರಡು ಯಂತ್ರಗಳು ಒಟ್ಟಿಗೆ ಕೂಗುತ್ತಿವೆ, ಇವನೊಬ್ಬ ಮಾರ್ಕರ್ ಹಿಡಿದು ಬೋರ್ಡಿನ ಮುಂದೆ ನಿಂತಿದ್ದಾನೆ.

"ಮಗು ಉಸಿರಾಡ್ತಿದೆಯಾ ಅಂತ ಗೊತ್ತಾಗೋಕೆ! ಇನ್ಯಾಕೆ, ಡ್ಯಾನ್ಸ್ ಮಾಡೋಕಾ?"

ಅವನು ನಗಲಿಲ್ಲ. ಬೋರ್ಡಿನ ಮೇಲೆ 'ಮಗು ಕ್ಷೇಮ' ಎಂದು ಬರೆದು, ಕೆಳಗಿನ 'ಅಲಾರಂ'ನಿಂದ ಅದಕ್ಕೊಂದು ಬಾಣ ಎಳೆದ.

"ಸದ್ದು ಜಾಸ್ತಿಯಾದ್ರೆ ನಿಮಗೆ ಸುಸ್ತು. ಅದನ್ನೂ ಬರೀಲಾ?"

ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಕಟ್ಟುವ ಮೊದಲು ಯಾರಿಗೆ ಏನು ಬೇಕು, ಯಾಕೆ ಬೇಕು ಎಂದು ಗುರಿಗಳ ನಕ್ಷೆ ಬರೆಯುವುದು ಅವನ ಕೆಲಸ. ಅಳತೆಗೆ ಸಿಗದ ಆಸೆಗಳನ್ನು ಮೋಡದ ಆಕಾರದೊಳಗೆ ಬರೆಯುತ್ತಿದ್ದ. 'ಸಿಸ್ಟರ್‌ಗೆ ನೆಮ್ಮದಿ' ಅಂತ ಒಂದು ಮೋಡ ಬಂತು. ಇಷ್ಟು ವರ್ಷ ಅವಳ ನೆಮ್ಮದಿಯನ್ನು ಯಾರೂ ವಿಚಾರಿಸಿರಲಿಲ್ಲ...

ವಾರ್ಡಿನವರು ಅವನಿಗೆ 'ಯಾಕಪ್ಪ' ಎಂದು ಹೆಸರಿಟ್ಟರು. ಅವನು ಬರದ ದಿನ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಸಂಬಂಧವೊಂದು ಬಂತು. ಅಮ್ಮ ತುದಿಗಾಲಲ್ಲಿ ನಿಂತಿದ್ದಳು. ನಾಳೆ ಮಧ್ಯಾಹ್ನದೊಳಗೆ ಉತ್ತರ ಬೇಕಂತೆ!

ಕ್ಯಾಂಟೀನಿನಲ್ಲಿ ಅವಳು ಎದೆ ಗಟ್ಟಿ ಮಾಡಿಕೊಂಡು ಕೇಳಿಯೇಬಿಟ್ಟಳು. "ಮನೇಲಿ ಗಂಡು ನೋಡಿದ್ದಾರೆ. ನೀವೇನಂತೀರಿ?"

ಅವನ ಮುಖ ಬಿಳಿಚಿಕೊಂಡಿತು. ಬಾಯಿಂದ ಬಂದದ್ದು ಮಾತ್ರ, "ನಿಮಗೇನು ಬೇಕು ಸಿಸ್ಟರ್? ಅದು ಮುಖ್ಯ."

ಇಂಥವನನ್ನು ಏನು ಮಾಡುವುದು ಹೇಳಿ!

'ನಾನೂ ಇವನಿಗೆ ಬರೀ ಕೆಲಸವಾ?' ಅನ್ನಿಸಿತು ಅವಳಿಗೆ. "ನನ್ನನ್ನೂ ಬೋರ್ಡ್ ಮೇಲೆ ಬರ್ಕೊಳ್ಳಿ!" ಎಂದು ಟೀ ಬಿಟ್ಟು ಎದ್ದುಹೋದಳು.

ಮರುದಿನ ಬೆಳಗಿನಿಂದ ಹಾಸಿಗೆಯಿಂದ ಹಾಸಿಗೆಗೆ ಸುಮ್ಮನೆ ಓಡಾಡಿದಳು. ಹೊದಿಸಿದ ಹೊದಿಕೆಯನ್ನೇ ಮತ್ತೆ ಹೊದಿಸಿದಳು. ಫೋನ್ ನಡುಗಿದಾಗಲೆಲ್ಲ ಅಮ್ಮನ ಹೆಸರು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡಳು. 'ಅಮ್ಮನಿಗೆ ಹೂಂ ಅಂದುಬಿಡಲಾ? ಇವನನ್ನು ನಂಬಿ ಕೂತರೆ ಜನ್ಮವಿಡೀ ಕಾಯುವುದೇ ಆದೀತು...'

ಬಾಗಿಲಲ್ಲಿ ಅವನು! ಏದುಸಿರು ಬಿಡುತ್ತಿದ್ದ.

"ಪ್ರಾಜೆಕ್ಟ್ ಬಿಟ್ಟೆ. ಬೇರೆಯವರಿಗೆ ಒಪ್ಪಿಸಿ ಬಂದೆ."

"ಏನ್ರೀ ಇದು? ಹುಚ್ಚಾ?"

"ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಎದುರಿಗಿರೋರ ಬಾಯಲ್ಲಿ ನಮ್ಮ ಆಸೆ ತುರುಕಬಾರದು. ನಾನು ಬಾಯಿಬಿಟ್ರೆ ನಿಮ್ಮ ಉತ್ತರ ನಿಮ್ಮದಾಗಿರಲ್ಲ ಅನ್ಕೊಂಡೆ. ನಿನ್ನೆನೂ ಅದೇ ರೂಢಿ... ದಡ್ಡ ನಾನು."

"ದಡ್ಡ ಅಲ್ಲ, ಶತದಡ್ಡ!" ಅವಳ ಕಣ್ಣು ತುಂಬಿತ್ತು. "ರಾತ್ರಿಯೆಲ್ಲ ಅಳಿಸಿದ್ರಿ."

"ಇನ್ನು ಆ ಕಟ್ಟುಪಾಡಿಲ್ಲ. ಆ ಗಂಡನ್ನ ಒಪ್ಕೋಬೇಡಿ. ನನಗೆ ನೀವು ಬೇಕು. ತುಂಬಾ ಬೇಕು."

ಫೋನ್ ಮತ್ತೆ ನಡುಗಿತು. ಅವಳು ಅವನನ್ನೇ ನೋಡುತ್ತ ಎತ್ತಿಕೊಂಡಳು.

"ಅಮ್ಮಾ, ಆ ಸಂಬಂಧ ಬೇಡ ಅಂತ ಹೇಳಿಬಿಡು... ಇಲ್ಲಮ್ಮ, ತಲೆ ಕೆಟ್ಟಿಲ್ಲ. ಸಂಜೆ ಒಬ್ಬರನ್ನ ಮನೆಗೆ ಕರ್ಕೊಂಡು ಬರ್ತೀನಿ."

ಅವನು ಬೆಚ್ಚಿಬಿದ್ದ. "ಇವತ್ತೇನಾ?"

"ಹೆದರಿಕೆನಾ?"

"ಹೂಂ... ತುಂಬಾ."

"ನನಗೂ," ಎಂದು ಅವಳು ಅವನ ಕೈ ಹಿಡಿದುಕೊಂಡಳು.