ಸ್ಟಿಯರಿಂಗ್ ಒಳಗಿನ ಬಟ್ಟೆ

ಸ್ಟಿಯರಿಂಗ್ ನಡುವಿನ ಮುಚ್ಚಳ ಬಿಚ್ಚಿದ ಮೆಕ್ಯಾನಿಕ್ ಮುನಾವರ್ ಪಾಷಾ ಅಲ್ಲೇ ಕೈ ನಿಲ್ಲಿಸಿದರು. ಏರ್‌ಬ್ಯಾಗ್ ಇರಬೇಕಾದ ಜಾಗದಲ್ಲಿ ಹಳೆಯ ಟವೆಲ್ಲಿನ ತುಂಡೊಂದನ್ನು ಮಡಚಿ ತುರುಕಲಾಗಿತ್ತು. ಪಕ್ಕದ ಸೀಟಿನ ಎದುರಿನದೂ ಖಾಲಿ ಗೂಡು.

“ಮೇಡಂ, ಒಂದ್ಸಲ ಇಲ್ಲಿ ನೋಡಿ.”

ನಜೀರಾ ಬಗ್ಗಿ ನೋಡಿದಳು. ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವಿಮಾ ಕಂಪನಿಗೆ ವರದಿ ಕೊಡುವ ಸರ್ವೇಯರ್ ಆಕೆ. ಹನ್ನೊಂದು ವರ್ಷದಲ್ಲಿ ನುಜ್ಜುಗುಜ್ಜಾದ ಕಾರುಗಳನ್ನು ಬೇಕಾದಷ್ಟು ನೋಡಿದ್ದಳು. ಇಂಥದ್ದು ಇದೇ ಮೊದಲು.

ಕಾರು ಅನುಪಮಾಳದು. ಗುಬ್ಬಿ, ನಿಟ್ಟೂರು ಸುತ್ತಿನ ಮನೆಮನೆಗೆ ಹೋಗಿ ಲಕ್ವ ಹೊಡೆದವರಿಗೆ ಫಿಸಿಯೋಥೆರಪಿ ಮಾಡುವುದು ಅವಳ ವೃತ್ತಿ. ನಾಲ್ಕು ದಿನದ ಹಿಂದೆ ನಿಟ್ಟೂರಿನ ಹತ್ತಿರ ಅಡ್ಡ ಬಂದ ಬೈಕನ್ನು ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದ್ದಳು. ಪಕ್ಕದಲ್ಲಿದ್ದ ತಾಯಿ ಗಂಗಾಂಬಿಕೆಯ ದವಡೆ ಮುರಿದಿತ್ತು. ಎಡಗಣ್ಣು ಉಳಿಯುವುದು ಅನುಮಾನ ಎಂದಿದ್ದರು ವೈದ್ಯರು.

ಹೊಸ ಕಾರೇ ಬೇಕೆಂದು ಗಂಗಾಂಬಿಕೆ ಹಟ ಹಿಡಿದಿದ್ದರು. ಮಗಳು ಕೇಳಿರಲಿಲ್ಲ. ಹೊಸದಕ್ಕೆ ಒಂಬತ್ತೂವರೆ ಲಕ್ಷ. ಐದು ವರ್ಷ ಹಳೆಯದಾದ ಇದಕ್ಕೆ ಆರೂವರೆ. ಹೊರಗೆ ಇಂಥದ್ದೇ ಕಾರು ಇನ್ನೂ ಕಡಿಮೆಗೆ ಸಿಗುತ್ತಿತ್ತು. ಮೇಲಿನ ಹಣ ತೆತ್ತಿದ್ದು ‘ಸರ್ಟಿಫೈಡ್’ ಎಂಬ ಒಂದು ಮಾತಿಗೆ. ಇನ್ನೂರು ಅಂಶ ಪರೀಕ್ಷಿಸಲಾಗಿದೆ, ಏರ್‌ಬ್ಯಾಗ್ ಸರಿಯಿದೆ ಎಂದು ಫೈಲಿನಲ್ಲಿ ಸಹಿ ಇತ್ತು.

“ಅಮ್ಮಂಗೆ ನನ್ನ ಬೈಯೋಕೂ ಆಗ್ತಿಲ್ಲ. ದವಡೆಗೆ ತಂತಿ ಕಟ್ಟಿದಾರೆ,” ಎಂದಳು ಅನುಪಮಾ, ಆಸ್ಪತ್ರೆಯ ಮೊಗಸಾಲೆಯಲ್ಲಿ.

ಸಹಿ ಹಾಕಿದವನು ರವೀಶ್. ಕಾರು ಮಾರಿದ ತುಮಕೂರಿನ ಶೋರೂಮಿಗೆ ಹಳೇ ಕಾರು ಕೊಳ್ಳುವವನೂ ಅವನೇ, ತಪಾಸಣೆ ಮಾಡುವವನೂ ಅವನೇ. ನಜೀರಾ ಹೋದಾಗ ಎದ್ದು ಬಂದು ಕುರ್ಚಿ ಹಾಕಿದ. ಕೇಳುವ ಮೊದಲೇ ಫೈಲಿನ ಪ್ರತಿ ಕೊಟ್ಟ.

“ನಾನು ಚೆಕ್ ಮಾಡ್ದಾಗ ಎರಡೂ ಏರ್‌ಬ್ಯಾಗ್ ಇತ್ತು ಮೇಡಂ.”

“ಆಮೇಲೆ ಎಲ್ಲಿಗೆ ಹೋಯ್ತು?”

“ಜೂನ್‌ನಲ್ಲಿ ಸರ್ವೀಸ್‌ಗೆ ಅಂತ ಮುನಾವರ್ ಪಾಷಾ ಹತ್ರ ಬಿಟ್ಟಿದಾರೆ. ಹಳೇ ಏರ್‌ಬ್ಯಾಗ್‌ಗೆ ಒಳ್ಳೇ ರೇಟ್ ಇದೆ. ನಾನಿನ್ನೇನ್ ಹೇಳ್ಲಿ?”

ಆ ಮಾತು ಸಂಜೆಯೊಳಗೆ ಗ್ಯಾರೇಜುಗಳ ಸಾಲಿಗೆಲ್ಲ ಹಬ್ಬಿತು. ಮುನಾವರ್ ಪಾಷಾರ ಕಾಯಂ ಗಿರಾಕಿಗಳಿಬ್ಬರು ಕೆಲಸ ಮುಗಿಯುವ ಮುನ್ನವೇ ಬಂದು ಗಾಡಿ ಒಯ್ದರು. ಮೂವತ್ತೆಂಟು ವರ್ಷ ಸ್ಪ್ಯಾನರ್ ಹಿಡಿದ ಮನುಷ್ಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು.

“ಜೂನ್‌ನಲ್ಲಿ ಸ್ಟಿಯರಿಂಗ್ ಬಿಚ್ಚಿದ್ರಾ?” ನಜೀರಾ ಕೇಳಿದಳು.

“ಇಲ್ಲ. ಆಯಿಲ್, ಬ್ರೇಕ್ ಪ್ಯಾಡು. ಅಷ್ಟೇ.” ತಲೆ ಎತ್ತಿದರು. “ನೀವೂ ನನ್ನೇ ಕೇಳ್ತೀರಾ?”

“ಎಲ್ಲರನ್ನೂ ಕೇಳ್ತೀನಿ ಸಾಬ್. ಗೊತ್ತಾಗೋವರೆಗೂ ರಿಪೋರ್ಟ್ ಬರೆಯಲ್ಲ.”

ಮರುದಿನ ಅವಳು ಕುಣಿಗಲ್‌ಗೆ ಹೋದಳು. ಕಾರಿನ ಮೊದಲ ಮಾಲೀಕ ಲಕ್ಷ್ಮೀಕಾಂತ್ ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಮೊದಲು ಏನೂ ಗೊತ್ತಿಲ್ಲವೆಂದ. ಗಂಗಾಂಬಿಕೆಯ ಕಣ್ಣಿನ ವಿಷಯ ಹೇಳಿದಾಗ ತಕ್ಕಡಿ ಬಿಟ್ಟು ಹೊರಗೆ ಬಂದ. ಹುತ್ರಿದುರ್ಗದ ದಾರಿಯಲ್ಲಿ ಕಾರು ಬಂಡೆಗೆ ಗುದ್ದಿ ಏರ್‌ಬ್ಯಾಗ್ ಎರಡೂ ಒಡೆದಿದ್ದವಂತೆ. ಹೊಸದು ಹಾಕಿಸದೆ, ಇದ್ದದ್ದನ್ನು ಇದ್ದ ಹಾಗೆ ರವೀಶನಿಗೆ ಹೇಳಿಯೇ ಕಡಿಮೆ ಬೆಲೆಗೆ ಮಾರಿದ್ದನಂತೆ.

“ಹೇಳಿದ್ದಕ್ಕೆ ಏನಾದ್ರೂ ಆಧಾರ?”

ಬರಹದಲ್ಲಿ ಏನೂ ಇರಲಿಲ್ಲ. ಕೀ ಕೊಡುವ ಮುನ್ನ ಶೋರೂಮಿನ ಬಾಗಿಲಲ್ಲಿ ಕಿಲೋಮೀಟರ್ ದಾಖಲೆಗೆಂದು ಮೀಟರಿನ ಫೋಟೋ ಒಂದು ತೆಗೆದಿದ್ದ, ಅಷ್ಟೇ. ನಜೀರಾ ಅದನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು ರವೀಶನ ಫೈಲು ತೆರೆದಳು. ಅದರಲ್ಲೂ ಮೀಟರಿನ ಫೋಟೋ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಅಲ್ಲಿಂದಲೇ ಮುನಾವರ್‌ಗೆ ಫೋನ್ ಮಾಡಿ, ತಾನು ಬರುವವರೆಗೆ ಕಾರನ್ನು ಮುಟ್ಟಬೇಡಿ ಎಂದಳು. ಸಂಜೆ ಸಾಕ್ಷಿಗೆಂದು ಇಬ್ಬರು ಪಂಚರನ್ನು ಕೂರಿಸಿಕೊಂಡು, ವಿಡಿಯೋ ಮಾಡಿಸುತ್ತ, ಮೀಟರ್ ಬಿಚ್ಚಿಸಿದಳು.

ಬೆಳಿಗ್ಗೆ ಶೋರೂಮಿನ ಮಾಲೀಕ ಚನ್ನವೀರಯ್ಯನವರ ಕೊಠಡಿಯಲ್ಲಿ ಅನುಪಮಾ, ಮುನಾವರ್, ರವೀಶ್ ಮೂವರೂ ಇದ್ದರು. ನಜೀರಾ ಫೈಲಿನ ಫೋಟೋ ಮುಂದಿಟ್ಟಳು.

“ಸರ್ಟಿಫಿಕೇಟ್‌ಗೆ ಅಂತ ರವೀಶ್ ಅವರೇ ತೆಗೆದಿರೋದು. ಏನ್ ಕಾಣುತ್ತೆ ಸರ್?”

“ಮೀಟರು. ಲೈಟೆಲ್ಲಾ ಹತ್ತಿದೆ.”

“ಎಲ್ಲಾ ಹತ್ತಿಲ್ಲ. ಸರಿಯಾಗಿ ನೋಡಿ.”

ಕೀ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುನ್ನ, ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹತ್ತಬೇಕು. ದೋಷವಿಲ್ಲದಿದ್ದರೆ ತಾವಾಗಿ ಆರಬೇಕು. ಫೋಟೋದಲ್ಲಿ ಆಯಿಲ್, ಬ್ಯಾಟರಿ, ಎಂಜಿನ್, ಸೀಟ್‌ಬೆಲ್ಟ್—ಎಲ್ಲವೂ ಹತ್ತಿದ್ದವು. ಏರ್‌ಬ್ಯಾಗಿನ ಜಾಗ ಮಾತ್ರ ಕಪ್ಪು. ಉರಿಯುವ ದೀಪ ಕಂಡರೆ ಜನ ಗಾಬರಿಯಾಗುತ್ತಾರೆ. ಹತ್ತದೇ ಇರುವ ದೀಪವನ್ನು ಯಾರೂ ಹುಡುಕುವುದಿಲ್ಲ.

“ಆ ದೀಪದ ಮೇಲೆ ಕಪ್ಪು ಟೇಪ್ ಅಂಟ್ಸಿತ್ತು. ನಿನ್ನೆ ಬಿಚ್ಚಿಸಿ ನೋಡಿದೆ.”

ರವೀಶ್ ತಕ್ಷಣ ಮುನಾವರ್ ಕಡೆ ಕೈ ತೋರಿಸಿದ. “ಅವರೇ ಅಂಟಿಸಿರ್ತಾರೆ.”

“ನಿಮ್ಮ ಫೋಟೋ ಮಾರ್ಚ್‌ದು. ಅವರ ಗ್ಯಾರೇಜಿಗೆ ಗಾಡಿ ಹೋಗಿದ್ದು ಜೂನ್‌ನಲ್ಲಿ.”

“ಹಾಗಾದ್ರೆ ಆ ಕುಣಿಗಲ್‌ನವರು—”

ನಜೀರಾ ಮೊಬೈಲ್ ತಿರುಗಿಸಿ ಹಿಡಿದಳು. ಎಂಜಿನ್ ಓಡುತ್ತಿದೆ. ಏರ್‌ಬ್ಯಾಗಿನ ದೀಪ ಕೆಂಪಗೆ ಉರಿಯುತ್ತಿದೆ. ಕಿಲೋಮೀಟರ್ 48,210.

“ನಿಮಗೆ ಕೀ ಕೊಡೋ ಹೊತ್ತಲ್ಲಿ ದೀಪ ಉರೀತಿತ್ತು. ನಿಮ್ಮ ಫೋಟೋದಲ್ಲಿ 48,213. ದೀಪ ಇಲ್ಲ. ಆ ಮೂರು ಕಿಲೋಮೀಟರ್ ಗಾಡಿ ಯಾರ ಕೈಲಿತ್ತು ರವೀಶ್?”

ರವೀಶ್ ಚನ್ನವೀರಯ್ಯನವರ ಮುಖ ನೋಡಿದ. ಅವರು ನೋಡಲಿಲ್ಲ.

“ಎರಡೂ ಹೊಸದು ಹಾಕ್ಸಿದ್ರೆ ಆ ಗಾಡೀಲಿ ಏನೂ ಉಳೀತಿರ್ಲಿಲ್ಲ,” ಎಂದ ಕೊನೆಗೆ. “ತಿಂಗಳಿಗೆ ಇಷ್ಟು ಗಾಡಿ ಅಂತ ಟಾರ್ಗೆಟ್ ಇದೆ. ಎಲ್ರೂ ಹೋಗಿ ಗುದ್ತಾರಾ ಅನ್ಕೊಂಡೆ.”

ಮುನಾವರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು.

ಚನ್ನವೀರಯ್ಯ ಅನುಪಮಾಳ ಕಡೆ ತಿರುಗಿ, ಆಸ್ಪತ್ರೆಯ ಖರ್ಚು, ಹೊಸ ಕಾರು, ಎರಡೂ ತಮ್ಮದು, ಪೊಲೀಸ್ ಕೇಸು ಮಾತ್ರ ಬೇಡ ಎಂದು ಮೆಲ್ಲಗೆ ಕೇಳಿಕೊಂಡರು.

“ಕೇಸ್ ಆಗತ್ತೆ ಸರ್,” ಎಂದಳು ಅನುಪಮಾ. ಆಮೇಲೆ ರವೀಶನನ್ನು ಕೇಳಿದಳು. “ಇನ್ನೆಷ್ಟು ಗಾಡಿಗೆ ಹಿಂಗೆ ಮಾಡಿದೀರಾ?”

ಚನ್ನವೀರಯ್ಯ ಮೇಜಿನ ಮೇಲೆ ಕೈ ಊರಿ ಎದ್ದು ನಿಂತರು.

“ನಾಲ್ಕು,” ಎಂದ ರವೀಶ್.

ನಜೀರಾ ಹಾಳೆ, ಪೆನ್ನು ಸರಿಸಿದಳು. ಅವನು ಬರೆದ ಮೊದಲ ಹೆಸರು ಗುಬ್ಬಿಯ ಕದರಯ್ಯನದು. ಏಳು ಸೀಟಿನ ಗಾಡಿ. ಶಾಲೆಯ ಮಕ್ಕಳನ್ನು ಕರೆದೊಯ್ಯಲು ಕೊಂಡದ್ದು. ಅನುಪಮಾ ಮೇಜಿನ ಫೋನನ್ನು ಚನ್ನವೀರಯ್ಯನವರ ಮುಂದೆ ಇಟ್ಟಳು. ಅವರು ಗೋಡೆಯ ಗಡಿಯಾರ ನೋಡಿದರು. ಒಂಬತ್ತು ಗಂಟೆ. ಕದರಯ್ಯನ ನಂಬರು ಒತ್ತಿದರು.

ಆ ಕಡೆಯಿಂದ ಎಂಜಿನ್ನಿನ ಸದ್ದು, ಮಕ್ಕಳ ಗಲಾಟೆ, ಯಾರು ಮಾತಾಡೋದು ಎಂದು ಕೇಳುವ ದನಿ.

“ಕದರಯ್ಯ, ನಾನು ಶೋರೂಮಿನ ಚನ್ನವೀರಯ್ಯ. ಎಲ್ಲಿದ್ದೀಯೋ ಅಲ್ಲೇ ಗಾಡಿ ಸೈಡಿಗೆ ಹಾಕಪ್ಪ. ಮಕ್ಕಳನ್ನ ಇಳ್ಸು. ಬೇರೆ ಗಾಡಿ ತಗೊಂಡು ನಾನೇ ಬರ್ತಿದೀನಿ.”